ಬಿಳಾಮನ ಕತ್ತೆಯೂ ಹತಾಶೆಯ ಕೂಪವೂ: ಮನೋರೋಗದ ಪ್ರಾಣಿಮಾದರಿಗಳನ್ನು ಕುರಿತು ಒಂದು ವಿಮರ್ಶೆ

ಕೌಟುಂಬಿಕ ಜೀವನವನ್ನು ಕುರಿತ ಪ್ರಸಂಗಗಳಲ್ಲಿಯೂ ಪಾಲನಾ ಸಮಾಲೋಚನೆಯ ಪಾಠಗಳಲ್ಲಿಯೂ ಹ್ಯಾರಿ ಹಾರ್ಲೋ ಅವರ ಕೋತಿಮರಿಗಳ ಕಥೆ ಪದೇ ಪದೇ ಬರುತ್ತದೆ. ಹಾಲು ಕೊಡುತ್ತಿದ್ದ ತಂತಿಯ ತಾಯಿಯನ್ನು ಬಿಟ್ಟು, ಹಾಲಿಲ್ಲದಿದ್ದರೂ ಮೆತ್ತಗಿದ್ದ ಬಟ್ಟೆಯ ತಾಯಿಯನ್ನೇ ಆ ಮರಿಗಳು ಅಪ್ಪಿಕೊಂಡವೆಂಬುದು ಆ ಕಥೆ. ಜೀವಕ್ಕೆ ರೊಟ್ಟಿಯೊಂದೇ ಸಾಲದೆಂಬ ಸುವಾರ್ತೆಯ ಬೋಧನೆಗೆ ಪ್ರಯೋಗಾಲಯವೇ ಬಂದು ಸಾಕ್ಷಿ ನುಡಿದಂತೆ ಇದು ಕೇಳುಗರಿಗೆ ತೋರುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಪ್ರೀತಿಯನ್ನು ಅಳೆಯಲು ಹೊರಟ ಅದೇ ಪ್ರಯೋಗಾಲಯವು ಒಂದು ದಶಕದೊಳಗೆ ಹತಾಶೆಯನ್ನು ಉತ್ಪಾದಿಸುವ ಯಂತ್ರವೊಂದನ್ನು ಕಟ್ಟಿತು. ಪ್ರಸಂಗಪೀಠದಲ್ಲಿ ಈ ಎರಡನೆಯ ಅಧ್ಯಾಯವನ್ನು ಹೇಳುವವರು ವಿರಳ. ಮನುಷ್ಯರ ಮನೋರೋಗವನ್ನು ಅರಿಯಲು ಪ್ರಾಣಿಗಳಲ್ಲಿ ಅದರ ಪ್ರತಿರೂಪವನ್ನು ಸೃಷ್ಟಿಸುವ ಈ ಪದ್ಧತಿಯನ್ನು ನಾವು ಇಲ್ಲಿ ಮುಖ್ಯವಾಗಿ ಒಂದು ವ್ಯಾಖ್ಯಾನಪದ್ಧತಿಯೆಂದು ತೆಗೆದುಕೊಂಡು ಪರಿಶೀಲಿಸಲು ಬಯಸುತ್ತೇವೆ. ಮೂಕಜೀವಿಯ ದೇಹವನ್ನು ಓದಿ ಅದರ ಒಳಗನ್ನು ಹೆಸರಿಸುವುದು ವ್ಯಾಖ್ಯಾನವೇ ಸರಿ. ವ್ಯಾಖ್ಯಾನದ ತಪ್ಪೊಪ್ಪುಗಳನ್ನು ತೂಗುವುದು ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ಹೊರಗಿನ ಕೆಲಸವಲ್ಲ.

ಮೊದಲು ಹಾರ್ಲೋ ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸೋಣ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಈ ಮನಶ್ಶಾಸ್ತ್ರಜ್ಞರು ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷರಾಗಿ 1958ರಲ್ಲಿ ಪ್ರೀತಿಯ ಸ್ವರೂಪವನ್ನು ಕುರಿತು ಮಾಡಿದ ಭಾಷಣ ಆ ಕಾಲದ ವಿದ್ವತ್ತಿಗೆ ಬೀಸಿದ ಚಾಟಿಯಾಗಿತ್ತು. ಜಾನ್ ವಾಟ್ಸನ್ ಅವರು 1928ರಲ್ಲಿ ಪ್ರಕಟಿಸಿದ ಶಿಶುಪಾಲನೆಯ ಗ್ರಂಥವು ಮಕ್ಕಳನ್ನು ಮುದ್ದಿಸುವುದರ ವಿರುದ್ಧ ತಾಯಂದಿರನ್ನು ಎಚ್ಚರಿಸಿತ್ತು. ಹಸಿವು ತೀರಿಸುವವಳೆಂಬ ಕಾರಣಕ್ಕಾಗಿಯೇ ಶಿಶು ತಾಯಿಗೆ ಅಂಟಿಕೊಳ್ಳುತ್ತದೆಂದು ವರ್ತನಾವಾದಿಗಳು ಕಲಿಸುತ್ತಿದ್ದರು. ಈ ಹಿನ್ನೆಲೆಯಲ್ಲಿ ಹಾರ್ಲೋ ಎಂಟು ನವಜಾತ ರೀಸಸ್ ಮರಿಗಳಿಗೆ ತಲಾ ಎರಡು ಕೃತಕ ತಾಯಂದಿರನ್ನು ಕೊಟ್ಟರು. ಮರದ ದಿಂಡಿಗೆ ರಬ್ಬರ್ ಸುತ್ತಿ, ಮೇಲೆ ಟವೆಲ್ ಬಟ್ಟೆ ಹೊದಿಸಿ, ಹಿಂದೆ ಬೆಚ್ಚಗಿನ ದೀಪವಿಟ್ಟದ್ದು ಒಂದು. ಬರಿಯ ತಂತಿಯಿಂದ ಹೆಣೆದದ್ದು ಇನ್ನೊಂದು. ನಾಲ್ಕು ಮರಿಗಳಿಗೆ ಬಟ್ಟೆಯ ತಾಯಿಯಲ್ಲಿ ಹಾಲು, ನಾಲ್ಕಕ್ಕೆ ತಂತಿಯ ತಾಯಿಯಲ್ಲಿ. ಹಾಲು ಎಲ್ಲಿದ್ದರೂ ಮರಿಗಳು ದಿನದ ಬಹುಭಾಗವನ್ನು ಕಳೆದದ್ದು ಬಟ್ಟೆಯ ಮೇಲೆ. ಭಾಷಣದ ಚಿತ್ರಗಳು ಜಗತ್ತಿನಾದ್ಯಂತ ಹರಡಿದವು. ಅನಾಥಾಲಯ, ಆಸ್ಪತ್ರೆ, ದತ್ತು ಸ್ವೀಕಾರ ಮೊದಲಾದ ಕ್ಷೇತ್ರಗಳಲ್ಲಿ ಸ್ಪರ್ಶಕ್ಕೂ ಸಾಮೀಪ್ಯಕ್ಕೂ ಮನ್ನಣೆ ದೊರೆಯುವುದರಲ್ಲಿ ಅವುಗಳ ಪಾತ್ರವಿತ್ತು.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಹಾರ್ಲೋ ಅವರಿಗಿಂತ ಮುಂಚೆಯೇ, 1945ರಲ್ಲಿ, ರೆನೆ ಸ್ಪಿಟ್ಸ್ ಅವರು ಸಂಸ್ಥೆಗಳಲ್ಲಿ ಬೆಳೆಯುವ ಶಿಶುಗಳು ಅನ್ನವಿದ್ದೂ ಸೊರಗುವುದನ್ನು ವರ್ಣಿಸಿದ್ದರು. ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸಲ್ಲಿಸಿದ ವರದಿಯಲ್ಲಿ ತಾಯ್ತನದ ಅಭಾವದ ಪರಿಣಾಮಗಳನ್ನು ವಿವರಿಸಿದ್ದರು. ತಾಯಿಯನ್ನು ಬಿಟ್ಟು ಆಸ್ಪತ್ರೆಯಲ್ಲಿರಬೇಕಾಗಿ ಬಂದ ಎರಡು ವರ್ಷದ ಹುಡುಗಿಯೊಬ್ಬಳ ಚಲನಚಿತ್ರವನ್ನು ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿಯೇ ತೋರಿಸಿದ್ದರು. ಮಕ್ಕಳು ಅತ್ತಿದ್ದರು, ಅವರ ಅಳು ದಾಖಲಾಗಿತ್ತು. ಆದರೂ ಮಗುವಿನ ಅಳುವಿಗೆ ಸಿಗದ ವೈಜ್ಞಾನಿಕ ಮರ್ಯಾದೆ ಮರಿಕೋತಿಯ ಅಪ್ಪುಗೆಗೆ ಸಿಕ್ಕಿತು. ಅಳೆಯಬಹುದಾದುದನ್ನು ಮಾತ್ರ ನಂಬುವ ಕಾಲವೊಂದು ತನ್ನ ಕಣ್ಣೆದುರಿನ ಮಕ್ಕಳನ್ನು ನಂಬಲು ಬೇರೊಂದು ಜೀವಿಯ ಮರಿಯನ್ನು ತಾಯಿಯಿಂದ ಕಿತ್ತು ತರಬೇಕಾಯಿತೆಂದರೆ, ಕೊರತೆ ಇದ್ದದ್ದು ಸಾಕ್ಷ್ಯದಲ್ಲೋ ಕಿವಿಯಲ್ಲೋ ಎಂದು ಕೇಳದೆ ಇರಲಾಗದು.

ಇನ್ನು ಎರಡನೆಯ ಅಧ್ಯಾಯ. ಬಟ್ಟೆಯ ತಾಯಿಯೊಂದಿಗೆ ಬೆಳೆದ ಮರಿಗಳು ದೊಡ್ಡವಾದಾಗ ಸರಿಯಾಗಿರಲಿಲ್ಲ. ಅವು ಆಡಲಾರವು, ಕೂಡಲಾರವು, ಕೆಲವು ತಾಯಿಯಾದಾಗ ತಮ್ಮ ಮರಿಗಳನ್ನೇ ಹಿಂಸಿಸಿದವು. ಹಾಗಾದರೆ ಸಂಪೂರ್ಣ ಏಕಾಂತದಲ್ಲಿ ಬೆಳೆಸಿದರೆ ಏನಾದೀತು? ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ ಎಂದು ಅವಧಿಯನ್ನು ಹೆಚ್ಚಿಸುತ್ತಾ ಹೋದರು. ಆರು ತಿಂಗಳು ದಾಟಿದವು ಹೊರಬಂದಾಗ ತಮ್ಮನ್ನು ತಾವೇ ಅಪ್ಪಿಕೊಂಡು ತೂಗಾಡುತ್ತಿದ್ದವು, ತಮ್ಮನ್ನೇ ಕಚ್ಚಿಕೊಳ್ಳುತ್ತಿದ್ದವು. ಆಮೇಲೆ ಶಿಷ್ಯ ಸ್ಟೀಫನ್ ಸುವೋಮಿ ಅವರೊಡನೆ ಹಾರ್ಲೋ ಒಂದು ಉಕ್ಕಿನ ತೊಟ್ಟಿಯನ್ನು ರೂಪಿಸಿದರು. ಅದರ ಗೋಡೆಗಳು ಒಳಕ್ಕೆ ಇಳಿಜಾರಾಗಿ ಕೆಳಗೆ ಕಿರಿದಾಗುತ್ತಿದ್ದವು. ಒಳಗಿಟ್ಟ ಎಳೆಯ ಕೋತಿ ಮೊದಲ ಒಂದೆರಡು ದಿನ ಗೋಡೆ ಹತ್ತಲು ಯತ್ನಿಸಿ ಜಾರುತ್ತಿತ್ತು. ಬಳಿಕ ಮೂಲೆಯಲ್ಲಿ ಮುದುಡಿ ಕೂರುತ್ತಿತ್ತು. ಅನ್ನನೀರಿಗೆ ಕೊರತೆಯಿರಲಿಲ್ಲ. ಇದಕ್ಕೆ ಇಟ್ಟ ಶಾಸ್ತ್ರೀಯ ಹೆಸರು ‘ಲಂಬ ಕೋಷ್ಠ’. ಹಾರ್ಲೋ ಬಳಸಿದ ಹೆಸರು ‘ಹತಾಶೆಯ ಕೂಪ’.

ಆ ಹೆಸರು ನಮ್ಮ ಕಿವಿಗೆ ಪರಿಚಿತವಾಗಿದೆ. ಯೋಸೇಫನನ್ನು ಅಣ್ಣಂದಿರು ಇಳಿಸಿದ್ದು ಬತ್ತಿದ ಬಾವಿಗೆ, ಯೆರೆಮೀಯನನ್ನು ಅಧಿಕಾರಿಗಳು ಇಳಿಸಿದ್ದು ಕೆಸರಿನ ಬಾವಿಗೆ. 88ನೆಯ ಕೀರ್ತನೆಯ ಕವಿ ತಾನು ಅಧೋಕೂಪದಲ್ಲಿದ್ದೇನೆಂದು ಮೊರೆಯಿಡುತ್ತಾನೆ. ಕೂಪವೆಂಬುದು ಸತ್ಯವೇದದಲ್ಲಿ ಒಬ್ಬನ ನಿರಾಶೆಗೆ ಇಟ್ಟ ಹೆಸರು ಮಾತ್ರವಲ್ಲ, ಇನ್ನೊಬ್ಬನು ಅವನಿಗೆ ಮಾಡಿದ ಕೃತ್ಯದ ಹೆಸರೂ ಹೌದು. ಕೂಪದಲ್ಲಿರುವವನಿಗೆ ಏನಾಗುತ್ತದೆಂದು ಮೇಲೆ ನಿಂತು ಗುರುತುಹಾಕಿಕೊಳ್ಳುವ ಪಾತ್ರ ಯಾವುದೆಂದು ಓದುಗರೇ ಹುಡುಕಿ ನೋಡಬಹುದು. ಯೆರೆಮೀಯನ ಕಥೆಯಲ್ಲಿ ಎಬೆದ್ಮೆಲೆಕನು ಹಗ್ಗವನ್ನಷ್ಟೇ ಇಳಿಸಲಿಲ್ಲ. ಕಂಕುಳಿಗೆ ಹಗ್ಗ ಒತ್ತದಿರಲೆಂದು ಹಳೆಯ ಬಟ್ಟೆಯ ಚಿಂದಿಗಳನ್ನೂ ಇಳಿಸಿದನು.

ಆದರೂ ಹಾರ್ಲೋ ಅವರನ್ನು ಕ್ರೌರ್ಯದ ಮೂರ್ತಿಯಾಗಿ ಚಿತ್ರಿಸಿ ಮುಗಿಸುವುದು ಸುಲಭದ ದಾರಿ. ಪತ್ನಿ ಕ್ಯಾನ್ಸರಿನಿಂದ ಬಳಲುತ್ತಿದ್ದ ಕಾಲದಲ್ಲಿ ಅವರೂ ಖಿನ್ನತೆಗೆ ಒಳಗಾಗಿ 1968ರಲ್ಲಿ ಚಿಕಿತ್ಸೆ ಪಡೆದರು. 1972ರಲ್ಲಿ ಅವರೂ ಸುವೋಮಿಯವರೂ ಪ್ರಕಟಿಸಿದ ಇನ್ನೊಂದು ಪ್ರಯೋಗ ಅವರ ಬರಹಗಳಲ್ಲೆಲ್ಲ ನಮ್ಮ ಮನಸ್ಸನ್ನು ಹೆಚ್ಚು ಮುಟ್ಟುತ್ತದೆ. ಆರು ತಿಂಗಳ ಏಕಾಂತದಿಂದ ಕೆಟ್ಟುಹೋಗಿದ್ದ ಕೋತಿಗಳ ಬಳಿಗೆ, ಅವುಗಳಿಗಿಂತ ಚಿಕ್ಕವಾದ, ಮೂರು ತಿಂಗಳ ಆರೋಗ್ಯವಂತ ಮರಿಗಳನ್ನು ಬಿಟ್ಟರು. ಆ ಪುಟ್ಟ ಮರಿಗಳಿಗೆ ಬೆದರಿಸುವ ವಯಸ್ಸಾಗಿರಲಿಲ್ಲ. ಅವುಗಳಿಗೆ ಗೊತ್ತಿದ್ದದ್ದು ಅಪ್ಪಿಕೊಳ್ಳುವುದೊಂದೇ. ಅವು ಹೋಗಿ ಅಪ್ಪಿಕೊಂಡವು. ತಿಂಗಳುಗಳು ಕಳೆದಂತೆ ರೋಗಿ ಕೋತಿಗಳು ಗಣನೀಯವಾಗಿ ಚೇತರಿಸಿಕೊಂಡವು. ಮಾಡಬಾರದ ಗಾಯವನ್ನು ಮಾಡಿದ ಮೇಲೆ ದೊರೆತ ಅರಿವು ಇದು. ಆದರೂ ಅರಿವಲ್ಲವೆನ್ನಲು ಬಾರದು.

ನಮ್ಮ ದೇಶಕ್ಕೂ ಈ ಚರಿತ್ರೆಗೂ ಒಂದು ನಂಟಿದೆ. ರೀಸಸ್ ಕೋತಿ ಉತ್ತರ ಭಾರತದ ಊರುಕೇರಿಗಳ ಕೋತಿ. ಕರ್ನಾಟಕದ ಗುಡಿಗೋಪುರಗಳ ಮೇಲೆ ನಾವು ಕಾಣುವ ಮಂಗ ಅದರ ದಾಯಾದಿ. ಯುದ್ಧಾನಂತರದ ದಶಕಗಳಲ್ಲಿ ಅಮೆರಿಕದ ಪ್ರಯೋಗಾಲಯಗಳಿಗೆ ರೀಸಸ್ ಕೋತಿಗಳು ದೊಡ್ಡ ಸಂಖ್ಯೆಯಲ್ಲಿ ರಫ್ತಾಗುತ್ತಿದ್ದದ್ದು ಭಾರತದಿಂದ. ಭಾರತ ಸರ್ಕಾರ 1978ರಲ್ಲಿ ಈ ರಫ್ತನ್ನು ನಿಲ್ಲಿಸಿತು. ಆ ವಿಷಯದಲ್ಲಿ ಈ ದೇಶದ ಸಭೆಗಳು ಏನನ್ನಾದರೂ ನುಡಿದವೇ ಎಂಬುದು ನಮ್ಮ ಸಭಾಚರಿತ್ರಕಾರರು ಕೈಗೆತ್ತಿಕೊಳ್ಳಬಹುದಾದ ಒಂದು ಪ್ರಶ್ನೆ.

‘ಮಾದರಿ’ ಎಂಬ ಪದದ ಬಳಿ ಸ್ವಲ್ಪ ನಿಲ್ಲೋಣ. ಪೇತ್ರನ ಮೊದಲನೆಯ ಪತ್ರವು ಬಾಧೆಪಟ್ಟ ಕ್ರಿಸ್ತನನ್ನು ನಮಗೆ ಮಾದರಿಯೆಂದು ಕರೆಯುತ್ತದೆ; ಅಲ್ಲಿ ಮಾದರಿಯೆಂದರೆ ಹೆಜ್ಜೆಯಿಡಬೇಕಾದ ದಾರಿ. ವಿಜ್ಞಾನದಲ್ಲಿ ಮಾದರಿಯೆಂದರೆ ಮೂಲಕ್ಕೆ ಬದಲಾಗಿ ನಿಲ್ಲುವ ಪ್ರತಿ. ಮೂಲದ ಮೇಲೆ ಮಾಡಲಾಗದ್ದನ್ನು ಪ್ರತಿಯ ಮೇಲೆ ಮಾಡಿ ನೋಡಬಹುದೆಂಬುದು ಅದರ ಉಪಯೋಗ. ಸೇತುವೆಯ ಮಣ್ಣಿನ ಮಾದರಿಯನ್ನು ಮುರಿದರೆ ಯಾರಿಗೂ ನೋವಿಲ್ಲ. ಆದರೆ ಖಿನ್ನತೆಯ ಮಾದರಿಯಾಗಲು ಪ್ರಾಣಿಯು ಖಿನ್ನವಾಗಬೇಕು. ವಿಲಿಯಂ ಮ್ಯಾಕಿನ್ನಿ ಮತ್ತು ವಿಲಿಯಂ ಬನ್ನಿ ಅವರು 1969ರಲ್ಲಿ ಇಂತಹ ಮಾದರಿಗಳಿಗೆ ಮಾನದಂಡಗಳನ್ನು ಸೂಚಿಸಿದರು. ಪಾಲ್ ವಿಲ್ನರ್ 1984ರಲ್ಲಿ ಅವನ್ನು ಪರಿಷ್ಕರಿಸಿದರು. ಮಾದರಿಯು ರೋಗದಂತೆ ಕಾಣಬೇಕು, ಮನುಷ್ಯರಿಗೆ ನಾಟುವ ಔಷಧಿ ಅದಕ್ಕೂ ನಾಟಬೇಕು, ಎರಡರ ಒಳಗಿನ ಕಾರಣವೂ ಹೋಲಬೇಕು ಎಂಬುದು ಅವುಗಳ ಸಾರ. ಈ ಮಾನದಂಡಗಳ ಒಳಗೇ ನೀತಿಯ ಇಕ್ಕಟ್ಟು ಅಡಗಿದೆ. ಹೋಲಿಕೆ ಎಷ್ಟು ಪೂರ್ಣವೋ ಮಾದರಿ ಅಷ್ಟು ಉತ್ತಮ. ಹೋಲಿಕೆ ಎಷ್ಟು ಪೂರ್ಣವೋ ಆ ಜೀವಿಗೆ ಅದನ್ನು ಮಾಡಲು ನಮಗಿರುವ ಸಮರ್ಥನೆ ಅಷ್ಟು ದುರ್ಬಲ. ಕೋತಿ ನಮ್ಮಂತೆ ನರಳುವುದಿಲ್ಲವಾದರೆ ಪ್ರಯೋಗ ವ್ಯರ್ಥ, ನರಳುವುದಾದರೆ ಪ್ರಯೋಗ ಭಯಾನಕ. ಈ ಇಕ್ಕಟ್ಟನ್ನು ಎತ್ತಿ ತೋರಿಸಿದವರಲ್ಲಿ ನಾವು ಮೊದಲಿಗರಲ್ಲ. ಇದಕ್ಕೆ ತೃಪ್ತಿಕರವಾದ ಉತ್ತರವನ್ನಂತೂ ನಾವು ಎಲ್ಲಿಯೂ ಓದಿಲ್ಲ.

ಕೋತಿಗಳ ಮೇಲಿನ ಇಂತಹ ಪ್ರಯೋಗಗಳು ಇಂದು ಬಹಳ ಕಡಿಮೆಯಾಗಿವೆ. ಇಲಿಗಳ ಮೇಲಿನವು ಕಡಿಮೆಯಾಗಿಲ್ಲ. ಇವುಗಳಲ್ಲಿ ಹೆಸರಾದದ್ದು ರೋಜರ್ ಪೋರ್ಸೋಲ್ಟ್ ಮತ್ತು ಸಹೋದ್ಯೋಗಿಗಳು 1977ರಲ್ಲಿ ಪ್ರಕಟಿಸಿದ ‘ಬಲವಂತದ ಈಜು’ ಪರೀಕ್ಷೆ. ಹೊರಬರಲಾಗದ ನೀರಿನ ಕೊಳವೆಯಲ್ಲಿ ಇಲಿಯನ್ನು ಹದಿನೈದು ನಿಮಿಷ ಬಿಡುತ್ತಾರೆ. ಮರುದಿನ ಮತ್ತೆ ಐದು ನಿಮಿಷ. ಇಲಿ ಮೊದಲು ಒದ್ದಾಡುತ್ತದೆ, ಗೋಡೆ ಕೆರೆಯುತ್ತದೆ; ಆಮೇಲೆ ಮೂಗು ನೀರಿನ ಮೇಲಿರುವಷ್ಟು ಮಾತ್ರ ಅಲುಗುತ್ತಾ ತೇಲುತ್ತದೆ. ಎರಡನೆಯ ದಿನ ಬೇಗನೆ ತೇಲತೊಡಗುತ್ತದೆ. ಖಿನ್ನತೆಯ ಔಷಧಿ ಪಡೆದ ಇಲಿ ಹೆಚ್ಚು ಹೊತ್ತು ಒದ್ದಾಡುತ್ತದೆ. ಹೊಸ ಔಷಧಿಗಳನ್ನು ಜರಡಿ ಹಿಡಿಯಲು ಇದು ಅಗ್ಗವೂ ಶೀಘ್ರವೂ ಆದ ಉಪಾಯವಾಯಿತು. ಅಷ್ಟಕ್ಕೇ ನಿಂತಿದ್ದರೆ ಚರ್ಚೆ ಬೇರೆಯಾಗುತ್ತಿತ್ತು. ಆದರೆ ಆ ನಿಶ್ಚಲತೆಗೆ ‘ವರ್ತನಾತ್ಮಕ ಹತಾಶೆ’ ಎಂದು ಹೆಸರಿಟ್ಟರು. ಜರಡಿಯಾಗಿ ಹುಟ್ಟಿದ ಪರೀಕ್ಷೆಯನ್ನು ಕಾಲಕ್ರಮದಲ್ಲಿ ಅನೇಕರು ಖಿನ್ನತೆಯ ಅಳತೆಗೋಲೆಂದೇ ಬಳಸತೊಡಗಿದರು: ಇಲಿ ಎಷ್ಟು ಹೊತ್ತು ಸುಮ್ಮನಿತ್ತೋ ಅಷ್ಟು ಖಿನ್ನ.

ಸತ್ಯವೇದದ ವಿದ್ಯಾರ್ಥಿ ಇಲ್ಲಿ ಅರಣ್ಯಕಾಂಡದ 22ನೆಯ ಅಧ್ಯಾಯವನ್ನು ನೆನೆಯದಿರಲಾರನು. ಬಿಳಾಮನ ಹೆಣ್ಣುಕತ್ತೆ ಮೊದಲು ದಾರಿ ಬಿಟ್ಟು ಹೊಲಕ್ಕೆ ಹೋಗುತ್ತದೆ. ಎರಡನೆಯ ಸಲ ಗೋಡೆಗೆ ಒತ್ತಿಕೊಳ್ಳುತ್ತದೆ. ಮೂರನೆಯ ಸಲ, ಎಡಬಲಕ್ಕೆ ತಿರುಗಲು ಎಡೆಯಿಲ್ಲದ ಕಡೆ, ಸುಮ್ಮನೆ ಮಲಗಿಬಿಡುತ್ತದೆ. ಬಿಳಾಮನು ದಿವ್ಯದೃಷ್ಟಿಗೆ ಹೆಸರಾದವನು, ಅರಸರು ಹಣ ತೆತ್ತು ಕರೆಸಿಕೊಳ್ಳುವ ತಜ್ಞ. ಅವನು ಕತ್ತೆಯ ನಿಶ್ಚಲತೆಯನ್ನು ಮೂರು ಸಲವೂ ತನ್ನ ಉದ್ದೇಶದ ಕಣ್ಣಿನಿಂದಲೇ ಓದಿ ಹಟವೆಂದು ತೀರ್ಮಾನಿಸಿ ಹೊಡೆಯುತ್ತಾನೆ. ದಾರಿಯಲ್ಲಿ ಕತ್ತಿ ಹಿರಿದು ನಿಂತಿದ್ದ ದೂತನನ್ನು ಕಂಡದ್ದು ಕತ್ತೆ. ಮಲಗಿದ್ದು ಸೋತದ್ದಕ್ಕಲ್ಲ, ಕಂಡದ್ದಕ್ಕೆ. ಪ್ರಾಣಿ ಮಾತನಾಡಿದ ಪವಾಡವನ್ನೇ ಪ್ರಸಂಗಕಾರರು ಹೆಚ್ಚಾಗಿ ಹಿಡಿದುಕೊಳ್ಳುತ್ತಾರೆ. ಮಾತಿಗೆ ಮುಂಚಿನ ಮೂರು ಮೌನಗಳನ್ನು ತಪ್ಪಾಗಿ ಓದಿದ ತಜ್ಞನ ಚಿತ್ರ ಅಷ್ಟೇ ಮುಖ್ಯವೆಂದು ನಮಗೆ ತೋರುತ್ತದೆ.

ತೇಲುವ ಇಲಿ ಏನನ್ನು ಕಂಡಿದೆ? ವಿಜ್ಞಾನಿಗಳಲ್ಲಿಯೇ ಹಲವರು ಈ ಪ್ರಶ್ನೆಯನ್ನು ಎತ್ತಿದ್ದಾರೆ. ಹೊರದಾರಿ ಇಲ್ಲವೆಂದು ಇಲಿ ಕಲಿತಿದೆ, ತೇಲಿದರೆ ಮುಳುಗುವುದಿಲ್ಲವೆಂದೂ ಕಲಿತಿದೆ, ಆದ್ದರಿಂದ ಶಕ್ತಿಯನ್ನು ಉಳಿಸಿಕೊಳ್ಳುತ್ತಿದೆ ಎಂಬುದು ಅವರ ವಾದ. ಹಾಗಾದರೆ ಅದು ರೋಗಲಕ್ಷಣವಲ್ಲ, ವಿವೇಕ. ಔಷಧಿ ಪಡೆದು ವ್ಯರ್ಥವಾಗಿ ಒದ್ದಾಡುವ ಇಲಿಯನ್ನು ಗುಣವಾದದ್ದೆಂದು ಎಣಿಸುವುದು ಆಗ ವಿಪರೀತವಾಗುತ್ತದೆ. ಇನ್ನೊಂದು ತೊಡಕೂ ಇದೆ: ಮನುಷ್ಯರಲ್ಲಿ ಈ ಔಷಧಿಗಳು ಫಲ ಕೊಡಲು ವಾರಗಳು ಬೇಕು, ಇಲಿಯಲ್ಲಿ ಒಂದು ದಿನದೊಳಗೆ ಕೊಟ್ಟ ಕೆಲವೇ ಪ್ರಮಾಣಗಳಿಂದ ಫಲ ಕಾಣುತ್ತದೆ. ಎರಡೂ ಕಡೆ ನಡೆಯುತ್ತಿರುವುದು ಒಂದೇ ಎಂದು ಹೇಳುವುದು ಹೇಗೆ?

ಈ ವಿವಾದದ ಬೀಜ ಹದಿಮೂರನೆಯ ಶತಮಾನದ ದೈವಶಾಸ್ತ್ರದಲ್ಲಿಯೇ ಇದೆ ಎಂಬುದು ಓದುಗರಿಗೆ ಕುತೂಹಲಕರವಾಗಬಹುದು. ಥಾಮಸ್ ಅಕ್ವಿನಾಸ್ ತನ್ನ ಸುಮ್ಮಾ ಗ್ರಂಥದ ಎರಡನೆಯ ಭಾಗದ ಪೂರ್ವಾರ್ಧದಲ್ಲಿ, 40ನೆಯ ಪ್ರಶ್ನೆಯಲ್ಲಿ, ಮೃಗಗಳಿಗೆ ನಿರೀಕ್ಷೆಯುಂಟೋ ಎಂದು ಕೇಳುತ್ತಾನೆ. ಉಂಟು ಎಂಬುದೇ ಅವನ ಉತ್ತರ. ಪ್ರಾಣಿಯ ಒಳಗಿನ ಭಾವವನ್ನು ಹೊರಗಿನ ಚಲನೆಯಿಂದ ಊಹಿಸಬಹುದೆಂದು ಹೇಳಿ ಬೇಟೆನಾಯಿಯ ನಿದರ್ಶನ ಕೊಡುತ್ತಾನೆ. ಮೊಲ ಬಹುದೂರದಲ್ಲಿದ್ದರೆ ನಾಯಿ ಕದಲುವುದಿಲ್ಲ, ಏಕೆಂದರೆ ಹಿಡಿಯುವ ನಿರೀಕ್ಷೆ ಇಲ್ಲ; ಹತ್ತಿರದಲ್ಲಿದ್ದರೆ ನಿರೀಕ್ಷೆಯಿಂದ ಹಾರುತ್ತದೆ. ಚಲನೆಯಿಂದ ನಿರೀಕ್ಷೆಯನ್ನೂ ನಿಶ್ಚಲತೆಯಿಂದ ಅದರ ಅಭಾವವನ್ನೂ ಅಳೆಯುವ ಪೋರ್ಸೋಲ್ಟರ ತರ್ಕ ಇದರಿಂದ ದೂರದ್ದಲ್ಲ. ಆದರೆ ಅಕ್ವಿನಾಸನ ನಾಯಿ ಕದಲದಿರುವುದು ಅದರ ಕೇಡಲ್ಲ, ಸರಿಯಾದ ಅಂದಾಜು. ಭವಿಷ್ಯವನ್ನು ಅರಿಯದ ಪ್ರಾಣಿಯೂ ಭವಿಷ್ಯವನ್ನು ಕಂಡಂತೆ ನಡೆಯುವುದು ಅದರಲ್ಲಿ ಸೃಷ್ಟಿಕರ್ತನ ಜ್ಞಾನವು ನೆಟ್ಟಿರುವ ಸಹಜಪ್ರವೃತ್ತಿಯಿಂದ ಎಂದು ಅವನು ಸೇರಿಸುತ್ತಾನೆ. ನಿರಾಶೆಯೆಂಬ ಪಾಪವನ್ನು ಅವನು ಚರ್ಚಿಸುವುದು ಬೇರೆಯೇ ಕಡೆ, ಅದೇ ಭಾಗದ ಉತ್ತರಾರ್ಧದ 20ನೆಯ ಪ್ರಶ್ನೆಯಲ್ಲಿ. ಅಲ್ಲಿ ವಿಷಯ ದೇವರ ಕರುಣೆಯನ್ನು ನಂಬದಿರುವ ಮನುಷ್ಯನ ಚಿತ್ತ. ಆರು ಶತಮಾನಗಳ ನಂತರ, 1849ರಲ್ಲಿ, ಕಿರ್ಕೆಗಾರ್ಡ್ ಹತಾಶೆಯೆಂಬ ವ್ಯಾಧಿ ಸಾಧ್ಯವಾಗುವುದೇ ಮೃಗಕ್ಕಿಂತ ಮನುಷ್ಯನಿಗಿರುವ ಹೆಚ್ಚುಗಾರಿಕೆಯೆಂದು ವಾದಿಸಿದನು. ಈ ಇಬ್ಬರನ್ನು ಎದುರುಬದುರಾಗಿ ಕೂರಿಸಿದರೆ ನಮಗೆ ಬೇಕಾದ ವಿವೇಚನೆ ದೊರೆಯುತ್ತದೆ. ದಾರಿ ಮುಚ್ಚಿದೆಯೆಂದು ಅರಿತು ಸುಮ್ಮನಾಗುವುದು ಒಂದು. ದಾರಿ ತೆರೆದಿದ್ದರೂ ತನಗಲ್ಲವೆಂದು ಕುಸಿಯುವುದು ಇನ್ನೊಂದು. ಖಿನ್ನತೆಯಿಂದ ಬಳಲುವವರ ಕಷ್ಟ ಎರಡನೆಯದು. ಮುಚ್ಚಿದ ಕೊಳವೆಯಲ್ಲಿ ಪ್ರಯೋಗಕಾರನು ನಿರ್ಮಿಸುವುದು ಮೊದಲನೆಯದನ್ನು.

ಈ ಮಾತಿಗೆ ವಿಜ್ಞಾನದ ಒಳಗಿನಿಂದಲೇ ಬಂದ ಒಂದು ಪುಷ್ಟಿ ಇದೆ. ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಅವರು 1967ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಪ್ರಕಟಿಸಿದ ನಾಯಿಗಳ ಪ್ರಯೋಗ ಪ್ರಸಿದ್ಧ. ತಪ್ಪಿಸಿಕೊಳ್ಳಲಾಗದ ವಿದ್ಯುದಾಘಾತಕ್ಕೆ ಒಳಗಾದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ತಗ್ಗಾದ ತಡೆಯೊಂದನ್ನು ಹಾರಿದರೆ ಸಾಕೆಂಬ ಸ್ಥಿತಿಯಲ್ಲಿಯೂ ಹಾರದೆ ಮಲಗಿದವು. ನಿಸ್ಸಹಾಯಕತೆಯನ್ನು ಅವು ‘ಕಲಿತವು’ ಎಂದು ವಿವರಿಸಲಾಯಿತು. ಮನುಷ್ಯರ ಖಿನ್ನತೆಗೆ ಅದೇ ಕೀಲಿಕೈಯೆಂದು ಪಠ್ಯಪುಸ್ತಕಗಳು ಸಾರಿದವು. ಸುಮಾರು ಐವತ್ತು ವರ್ಷಗಳ ಅನಂತರ, 2016ರಲ್ಲಿ, ಅದೇ ಇಬ್ಬರು ಮಿದುಳಿನ ಅಧ್ಯಯನಗಳನ್ನು ಆಧರಿಸಿ ತಮ್ಮ ಮೂಲಸಿದ್ಧಾಂತ ತಲೆಕೆಳಗಾಗಿತ್ತೆಂದು ಬರೆದರು. ದೀರ್ಘಕಾಲದ ಕೇಡಿಗೆ ಸುಮ್ಮನಾಗುವುದು ಕಲಿತದ್ದಲ್ಲ, ಜೀವಿಯ ಸಹಜ ಪ್ರತಿಕ್ರಿಯೆ. ಕಲಿಯಬೇಕಾದದ್ದು ತನ್ನ ಕೈಯಲ್ಲಿ ಏನೋ ಇದೆಯೆಂಬುದನ್ನು. ಇಷ್ಟು ಪ್ರಾಮಾಣಿಕವಾದ ತಿದ್ದುಪಡಿ ದೈವಶಾಸ್ತ್ರದ ಗ್ರಂಥಗಳಲ್ಲಿ ಅಪರೂಪ, ಅದಕ್ಕೆ ಗೌರವ ಸಲ್ಲಬೇಕು. ಆದರೆ ಆ ನಾಯಿಗಳನ್ನು ಆಗ ಗುಣಪಡಿಸಿದ ರೀತಿ ಯಾವುದು? ಕೊರಳಿಗೆ ಹಗ್ಗ ಹಾಕಿ, ತಡೆಯ ಆಚೆಗೆ ಮತ್ತೆ ಮತ್ತೆ ಎಳೆದೊಯ್ದರು. ಹಲವು ಸಲ ಎಳೆದ ಮೇಲೆ ನಾಯಿಗಳು ತಾವಾಗಿ ಹಾರಿದವು. ಈ ವಿವರ 1968ರಷ್ಟು ಹಿಂದೆಯೇ ಪ್ರಕಟವಾಗಿತ್ತು. ನಿರೀಕ್ಷೆ ಹೊರಗಿನಿಂದ ಬಂದು ಎಳೆಯಬೇಕಾದದ್ದೆಂದು ಆ ನಾಯಿಗಳು ಆಗಲೇ ತೋರಿಸಿದ್ದವು. ಸಿದ್ಧಾಂತ ಅವುಗಳನ್ನು ಹಿಂಬಾಲಿಸಲು ಅರ್ಧ ಶತಮಾನ ತೆಗೆದುಕೊಂಡಿತು.

ಪ್ರಾಣಿಪ್ರಯೋಗವಿಲ್ಲದೆ ಖಿನ್ನತೆಗೆ ಔಷಧಿಯೇ ಇರುತ್ತಿರಲಿಲ್ಲ ಎಂಬ ಆಕ್ಷೇಪವನ್ನು ಈಗ ಎದುರಿಸಬೇಕು. ಚರಿತ್ರೆ ಇಷ್ಟು ನೇರವಾಗಿಲ್ಲ. ಕ್ಷಯರೋಗಕ್ಕೆಂದು ಕೊಟ್ಟ ಇಪ್ರೋನಿಯಾಜಿಡ್ ರೋಗಿಗಳ ಮನಸ್ಸನ್ನು ಅರಳಿಸಿದ್ದನ್ನು ವೈದ್ಯರು 1950ರ ದಶಕದಲ್ಲಿ ಕಂಡರು. ಸ್ವಿಟ್ಜರ್ಲೆಂಡಿನ ಮ್ಯುನ್‌ಸ್ಟರ್‌ಲಿಂಗೆನ್ ಆಸ್ಪತ್ರೆಯಲ್ಲಿ ರೋಲಂಡ್ ಕೂನ್ ಅವರು ಬೇರೊಂದು ರೋಗಕ್ಕೆಂದು ಬಂದಿದ್ದ ಇಮಿಪ್ರಮಿನ್ ಖಿನ್ನರಿಗೆ ನಾಟುವುದನ್ನು ಗುರುತಿಸಿ 1957ರಲ್ಲಿ ಪ್ರಕಟಿಸಿದ್ದು ರೋಗಿಗಳೊಡನೆ ದಿನವೂ ಮಾತನಾಡಿ. ಮೊದಲ ಎರಡು ಔಷಧಿಗಳೂ ಹೀಗೆ ಹಾಸಿಗೆಯ ಬಳಿ ದೊರೆತವು. ಇಲಿಯ ಕೊಳವೆ ಬಂದದ್ದು ಇಪ್ಪತ್ತು ವರ್ಷಗಳ ಆಮೇಲೆ. ಆದರೆ ನಮ್ಮ ವಾದಕ್ಕೆ ಅನುಕೂಲವಲ್ಲದ ನಿದರ್ಶನವೂ ಇದೆ. ಆಸ್ಟ್ರೇಲಿಯದ ಜಾನ್ ಕೇಡ್ ಲಿಥಿಯಂ ಚುಚ್ಚಿದ ಗಿನಿಹಂದಿಗಳು ಶಾಂತವಾಗಿ ಮಲಗುವುದನ್ನು ಕಂಡು, ತಾವೇ ಸೇವಿಸಿ ನೋಡಿ, ಉನ್ಮಾದದ ರೋಗಿಗಳಿಗೆ ಕೊಟ್ಟು 1949ರಲ್ಲಿ ಪ್ರಕಟಿಸಿದರು. ಆ ಶಾಂತತೆ ಬಹುಶಃ ವಿಷದ ಪರಿಣಾಮವಾಗಿತ್ತೆಂದು ಈಚಿನವರು ಅಭಿಪ್ರಾಯಪಡುತ್ತಾರೆ. ನಿಶ್ಚಲತೆಯನ್ನು ತಪ್ಪಾಗಿ ಓದಿದ್ದರಿಂದ ಲಕ್ಷಾಂತರ ಜನರನ್ನು ಉಳಿಸಿದ ಔಷಧಿ ದೊರೆಯಿತು! ತಪ್ಪು ಓದಿನಿಂದಲೂ ಒಳ್ಳೆಯದು ಹುಟ್ಟಬಹುದು; ಬಿಳಾಮನ ಬಾಯಿಂದ ಆಶೀರ್ವಾದವೇ ಹೊರಟಿತು. ಆದ್ದರಿಂದ ಅವನ ಏಟುಗಳು ನ್ಯಾಯವಾಗಲಿಲ್ಲ.

ಹಾಗೆಂದು ಖಿನ್ನತೆಗೆ ಮಾತ್ರೆ ಸೇವಿಸುವ ವಿಶ್ವಾಸಿಯ ಮೇಲೆ ಈ ಚರಿತ್ರೆಯ ಭಾರವನ್ನು ಹೊರಿಸುವುದು ಅನ್ಯಾಯವಾದೀತು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಅವರು ಕೃತಜ್ಞತೆಯಿಂದ ನುಂಗಲಿ. ಇಲ್ಲಿ ಸಭೆಯು ತನ್ನ ಕಡೆಗೂ ನೋಡಿಕೊಳ್ಳಬೇಕಾಗಿದೆ. ನಿಶ್ಚಲತೆಯನ್ನು ತಪ್ಪಾಗಿ ಓದುವುದು ಪ್ರಯೋಗಾಲಯದ ಏಕಸ್ವಾಮ್ಯವಲ್ಲ. ಹಾಸಿಗೆಯಿಂದ ಏಳಲಾಗದ ಸಹೋದರಿಯನ್ನು ವಿಶ್ವಾಸದ ಕೊರತೆಯುಳ್ಳವಳೆಂದು, ಆರಾಧನೆಗೆ ಬಾರದ ಯುವಕನನ್ನು ಸೋಮಾರಿಯೆಂದು ತೀರ್ಮಾನಿಸುವ ಹಿರಿಯರು ಸಭೆಗಳಲ್ಲಿದ್ದಾರೆ. ಉಪವಾಸ ಪ್ರಾರ್ಥನೆಯ ಹುರುಪಿನಲ್ಲಿ ಮಾತ್ರೆ ನಿಲ್ಲಿಸುವಂತೆ ಸಲಹೆ ಕೊಡುವವರೂ ಇದ್ದಾರೆ. ಅದರ ಪರಿಣಾಮ ಕೆಲವು ಸಲ ಜೀವಹಾನಿಯವರೆಗೆ ಹೋಗಬಲ್ಲದು. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಎಲೀಯನು ಅರಣ್ಯದ ಗಿಡದ ಕೆಳಗೆ ಮಲಗಿ ಸಾವನ್ನು ಬೇಡುತ್ತಾನೆ. ದೂತನು ಅವನ ನಂಬಿಕೆಯನ್ನು ಪರೀಕ್ಷಿಸುವುದಿಲ್ಲ. ಮುಟ್ಟಿ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಡುತ್ತಾನೆ. ಮತ್ತೆ ಮಲಗಿದಾಗ ಮಲಗಲು ಬಿಡುತ್ತಾನೆ. ಎರಡನೆಯ ಸಲವೂ ಮುಟ್ಟಿ ಎಬ್ಬಿಸುತ್ತಾನೆ. ದೂರದ ದಾರಿಯಿದೆ ಎಂಬುದಷ್ಟೇ ಅವನು ಕೊಡುವ ಕಾರಣ.

ಪ್ರಯೋಗಾಲಯದ ಭಾಷೆಯಲ್ಲಿ ಇನ್ನೊಂದು ಪದವೂ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಪ್ರಯೋಗ ಮುಗಿದ ಮೇಲೆ ಪ್ರಾಣಿಗಳನ್ನು ಕೊಂದದ್ದನ್ನು ವರದಿಗಳು ಬಹುಕಾಲ ‘ಬಲಿ’ಯೆಂದೇ ಬರೆಯುತ್ತಾ ಬಂದಿವೆ. ಆಂಡ್ರೂ ಲಿಂಜಿ ಅವರು 1994ರಲ್ಲಿ ಪ್ರಕಟಿಸಿದ ಪ್ರಾಣಿಗಳ ದೈವಶಾಸ್ತ್ರವನ್ನು ಕುರಿತ ಗ್ರಂಥದಲ್ಲಿ ಇಂತಹ ಬಲಿ ದೇವರಿಗೆ ಸಲ್ಲುವುದಲ್ಲವೆಂದು ಖಂಡಿಸುತ್ತಾರೆ. ಈ ಒಂದು ಅಂಶದಲ್ಲಿ ನಾವು ಅವರೊಡನೆ ಪೂರ್ಣವಾಗಿ ಸಮ್ಮತಿಸುತ್ತೇವೆ. ಇಬ್ರಿಯರಿಗೆ ಬರೆದ ಪತ್ರಿಕೆ ಬಲಿಯ ಬಾಗಿಲನ್ನು ಒಮ್ಮೆಗೇ ಮುಚ್ಚಿದೆ. ಇನ್ನೊಂದು ಜೀವಿಯನ್ನು ನಮ್ಮ ಉಪಯೋಗಕ್ಕಾಗಿ ಕೊಂದರೆ ಅದನ್ನು ಉಪಯೋಗಕ್ಕಾಗಿ ಕೊಂದೆವು ಎಂದೇ ಹೇಳಬೇಕು. ಆದರೆ ಪ್ರಾಣಿಗಳ ಮೇಲಿನ ಪ್ರಯೋಗವೆಲ್ಲವೂ ಒಂದೇ ತಕ್ಕಡಿಯವೆಂಬ ಲಿಂಜಿಯವರ ಒಲವನ್ನು ಪೂರ್ಣವಾಗಿ ಒಪ್ಪುವುದು ನಮಗೆ ಕಷ್ಟ. ಹೊಸ ಔಷಧಿಯ ವಿಷಗುಣವನ್ನು ಮನುಷ್ಯರಿಗೆ ಕೊಡುವ ಮೊದಲು ಪರೀಕ್ಷಿಸುವುದಕ್ಕೂ ಪ್ರಾಣಿಯಲ್ಲಿ ಹತಾಶೆಯನ್ನು ಹುಟ್ಟಿಸುವುದನ್ನೇ ಗುರಿಯಾಗಿಸಿಕೊಳ್ಳುವುದಕ್ಕೂ ಅಂತರವಿದೆ. ಮೊದಲನೆಯದರಲ್ಲಿ ನೋವು ತಪ್ಪಿಸಲಾಗದ ಜೊತೆಗಾರ, ಎರಡನೆಯದರಲ್ಲಿ ಅದೇ ಉತ್ಪನ್ನ. ಆ ಉತ್ಪನ್ನವನ್ನು ಓದುವ ವಿಧಾನವೇ ಸಂದೇಹಾಸ್ಪದವೆಂದು ಪರಿಣತರು ಹೇಳುತ್ತಿರುವಾಗ ಅದನ್ನು ಮುಂದುವರಿಸಲು ನೀತಿಯ ಆಧಾರ ನಮಗೆ ಕಾಣುವುದಿಲ್ಲ. ನೋಹನ ಕಾಲದ ಒಡಂಬಡಿಕೆ ಸಕಲ ಜೀವಿಗಳೊಂದಿಗೆ ಆದದ್ದು. ನಿನೆವೆಯ ಮೇಲೆ ಕರುಣೆ ತೋರಿದ ದೇವರು ಅಲ್ಲಿನ ಜನರ ಜೊತೆಗೆ ದನಗಳನ್ನೂ ಎಣಿಸಿದನೆಂಬ ಮಾತಿನಿಂದಲೇ ಯೋನನ ಗ್ರಂಥ ನಿಂತುಬಿಡುತ್ತದೆ.

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯ 2024ರಲ್ಲಿ ಬಲವಂತದ ಈಜು ಪರೀಕ್ಷೆಯನ್ನು ಕಾನೂನಿನಿಂದ ನಿಷೇಧಿಸಿತು. ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯೊಂದನ್ನು ಕಲ್ಪಿಸಿದೆ. ಆ ಕಾಯಿದೆಯ ಹಿಂದೆ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಾಡಿದ ಪ್ರಯತ್ನವಿತ್ತು. ಸಂಶೋಧನೆ ನಡೆಸುವ ಸಂಸ್ಥೆಗಳು ಪ್ರಯೋಗಗಳಿಗೆ ನೀತಿಸಮಿತಿಯ ಅನುಮತಿ ಪಡೆಯಬೇಕು, ಅಂತಹ ಸಮಿತಿಗಳಲ್ಲಿ ವಿಜ್ಞಾನಿಗಳಲ್ಲದವರಿಗೂ ಸ್ಥಾನವಿದೆ. ಕ್ರೈಸ್ತ ಆಸ್ಪತ್ರೆಗಳೂ ವೈದ್ಯಕೀಯ ಕಾಲೇಜುಗಳೂ ಈ ನಾಡಿನಲ್ಲಿ ಕಡಿಮೆಯಿಲ್ಲ. ಅಲ್ಲಿ ಕುಳಿತುಕೊಳ್ಳಬಲ್ಲ, ಅರ್ಜಿಯೊಂದರಲ್ಲಿ ‘ಹತಾಶೆ’ ಎಂದು ಬರೆದಿರುವೆಡೆ ಬೆರಳಿಟ್ಟು ಅದನ್ನು ಹೇಗೆ ಓದಿದಿರಿ ಎಂದು ಕೇಳಬಲ್ಲ ಸಭಾಪಾಲಕರನ್ನು ಸೆಮಿನರಿಗಳು ಸಿದ್ಧಪಡಿಸಬಹುದು. ಅದಕ್ಕೆ ಮೊದಲು ಪಾ­ಲನಾ ಸಮಾಲೋಚನೆಯ ಪಾಠದಲ್ಲಿ ಬಟ್ಟೆಯ ತಾಯಿಯ ಚಿತ್ರದ ಪಕ್ಕದಲ್ಲಿ ಉಕ್ಕಿನ ತೊಟ್ಟಿಯ ಚಿತ್ರವನ್ನೂ, ಅಪ್ಪಿಕೊಳ್ಳಲು ಹೋದ ಮೂರು ತಿಂಗಳ ಮರಿಗಳ ವರದಿಯನ್ನೂ ಇಡಬೇಕು.